ವರ್ಷದ ಅತ್ಯುತ್ತಮ ಸಿಗಾರ್ ಪಟ್ಟಿ ನೋಡಿ ತರಿಸಬಹುದೇ? ಮಾವನವರ ಎಪ್ಪತ್ತಕ್ಕೆ ಉಡುಗೊರೆ

ಕಾವೇರಿದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಯ ಅಣ್ಣ ಡಲ್ಲಾಸಿನಲ್ಲಿದ್ದಾರೆ. ಈ ಸಲ ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೆ ಬರುತ್ತಿದ್ದಾರೆ. ದರ್ಶನ ಮುಗಿಸಿಕೊಂಡು ಎಲ್ಲರೂ ಮೂಡಿಗೆರೆಗೆ ಹೋಗುವುದು. ಅಲ್ಲಿ ತೋಟದ ಮನೆಯಲ್ಲಿ ಮಾವನವರ ಭೀಮರಥ ಶಾಂತಿ. ಮಾವನವರಿಗೆ ಏನು ತರಲಿ ಎಂದು ಭಾವ ಫೋನಿನಲ್ಲಿ ಕೇಳಿದರೆ "ಏನೂ ಬೇಡಪ್ಪ, ನೀನು ಬಂದರೆ ಸಾಕು" ಎಂದರಂತೆ. ಫೋನ್ ಇಡುವ ಮುಂಚೆ, ಅತ್ತೆಯವರು ಅಡುಗೆಮನೆಗೆ ಹೋದದ್ದು ನೋಡಿಕೊಂಡು, "ಒಂದು ಒಳ್ಳೆಯ ಸಿಗಾರ್ ಸಿಕ್ಕಿದರೆ ನೋಡು" ಎಂದರಂತೆ. ಹಿಂದೆ ತೋಟದ ಮ್ಯಾನೇಜರ್ ಆಗಿದ್ದಾಗ ಸೇದುತ್ತಿದ್ದವರು. ಈಗ ವರ್ಷಕ್ಕೆ ಒಂದೋ ಎರಡೋ, ಅದೂ ಯಾರಾದರೂ ತಂದುಕೊಟ್ಟರೆ.

ಭಾವನಿಗೂ ನನಗೂ ಇದರ ಗಂಧಗಾಳಿ ಇಲ್ಲ. ಅವರು ಅಮೆರಿಕದ ಪತ್ರಿಕೆಯೊಂದರ "ವರ್ಷದ ಸಿಗಾರ್" ಪಟ್ಟಿಯನ್ನು ಕಳಿಸಿ, ಮೊದಲ ಸ್ಥಾನದಲ್ಲಿರುವುದನ್ನೇ ಒಂದು ಪೆಟ್ಟಿಗೆ ತಂದುಬಿಡಲೇ ಎಂದು ಕೇಳುತ್ತಿದ್ದಾರೆ. 2024ರ ಪಟ್ಟಿಯಲ್ಲಿ ಮೊದಲನೆಯದು ಮೈ ಫಾದರ್ ಕಂಪನಿಯ ದ ಜಡ್ಜ್ ಗ್ರ್ಯಾಂಡ್ ರೊಬಸ್ಟೊ. ಪಟ್ಟಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ದಾರಿಯಲ್ಲಿ ದುಬೈನಲ್ಲಿ ಇಳಿದು ವಿಮಾನ ಬದಲಿಸುತ್ತಾರೆ, ಅಲ್ಲಿ ಕ್ಯೂಬಾದ್ದು ಕೊಳ್ಳುವುದು ಮೇಲೇ? ತಂದಮೇಲೆ ನಮ್ಮ ಹವೆಯಲ್ಲಿ ಇಡುವುದು ಹೇಗೆ?

ಇನ್ನೊಂದು ಪ್ರಶ್ನೆ ನಮ್ಮ ತಂದೆಯವರದು. ನಮ್ಮೂರು ಕೊಣನೂರಿನ ಹತ್ತಿರ, ಮನೆಯಲ್ಲಿ ಹೊಗೆಸೊಪ್ಪಿನ ಬೆಳೆ. ಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸಿದಾಗ ಅವರು ಒಂದೊಂದೇ ದೇಶದ ಹೆಸರು ಓದಿಸಿಕೊಂಡು, "ನಿಕರಾಗುವಾ ಅಂತೆ, ಡೊಮಿನಿಕನ್ ಅಂತೆ. ರಾಮನಾಥಪುರದ ಹರಾಜಿನಲ್ಲಿ ಇಷ್ಟು ಸೊಪ್ಪು ಬೀಳುತ್ತದಲ್ಲ, ಅದರಲ್ಲಿ ಯಾಕೆ ಸುತ್ತುವುದಿಲ್ಲ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಬಿಸಿಲೆಘಾಟಿ, ಸಕಲೇಶಪುರ

ಇದರಲ್ಲಿ ಯೋಚಿಸುವುದೇನಿದೆ? ತಿಳಿದವರು ಕುಳಿತು ಸೇದಿ ನೋಡಿ ಮೊದಲ ಸ್ಥಾನ ಕೊಟ್ಟಿದ್ದಾರೆ, ಅದನ್ನೇ ತರಿಸಿ. ಸಿಗದಿದ್ದರೆ ಕ್ಯೂಬಾದ ಕೊಹಿಬಾ. ನನ್ನ ಪರಿಚಯದವರೊಬ್ಬರು ಬೆಂಗಳೂರಿನಲ್ಲಿ ಕೊಡಿಸುತ್ತಾರೆ, ಗಾಜಿನ ಮುಚ್ಚಳದ ಮರದ ಪೆಟ್ಟಿಗೆ, ನೋಡಲು ಬಹಳ ಚೆನ್ನಾಗಿದೆ, ಅಂಗಡಿ ಬೆಲೆಯ ಅರ್ಧಕ್ಕೆ. ಬೇಕಿದ್ದರೆ ಹೇಳಿ.

ತೋಟದಮನೆ, ಆಲ್ದೂರು

ಬಿಸಿಲೆಘಾಟಿಯವರ ಪೆಟ್ಟಿಗೆಯನ್ನು ಮೊದಲು ಬದಿಗಿಡೋಣ. ಕೊಹಿಬಾ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಬರುವುದೇ ಇಲ್ಲ. ಅಂಥದ್ದು ಎಲ್ಲಿ ಕಂಡರೂ ಅದು ನಕಲಿ. ಒಳಗಿರುವುದು ಏನೆಂದು ಸುತ್ತಿದವನಿಗೂ ಗೊತ್ತಿರುವುದಿಲ್ಲ. ಅರ್ಧ ಬೆಲೆ ಹಾಗಿರಲಿ, ಬಿಟ್ಟಿ ಕೊಟ್ಟರೂ ಬೇಡ.

ಇನ್ನು ಪಟ್ಟಿಯ ವಿಚಾರ. ಅದು ಸಿಗಾರ್ ಅಫಿಶಿಯೊನಾಡೊ ಪತ್ರಿಕೆಯದು. 1992ರಲ್ಲಿ ಮಾರ್ವಿನ್ ಶಾಂಕನ್ ನ್ಯೂಯಾರ್ಕಿನಲ್ಲಿ ಆರಂಭಿಸಿದ್ದು. ವರ್ಷದ ಕೊನೆಯಲ್ಲಿ ಇಪ್ಪತ್ತೈದು ಸಿಗಾರ್‌ಗಳ ಪಟ್ಟಿ ಹೊರಡಿಸುತ್ತಾರೆ. ಅವರ ಕ್ರಮವನ್ನು ನಾನು ಹೀಯಾಳಿಸುವುದಿಲ್ಲ. ಸಿಗಾರಿನ ಕಾಗದದ ಪಟ್ಟಿ ತೆಗೆದು ನಂಬರಿನ ಪಟ್ಟಿ ಹಾಕುತ್ತಾರೆ. ಸೇದುವವರಿಗೆ ಯಾರದೆಂದು ತಿಳಿಯುವುದಿಲ್ಲ. ನೂರಕ್ಕೆ ಅಂಕ: ನೋಟ ಮತ್ತು ಸುತ್ತಿದ ಬಗೆಗೆ 15, ರುಚಿಗೆ 25, ಎಳೆತ ಮತ್ತು ಉರಿಗೆ 25, ಒಟ್ಟಾರೆ ಅನಿಸಿಕೆಗೆ 35. ವರ್ಷವಿಡೀ ಹೆಚ್ಚು ಅಂಕ ಪಡೆದವನ್ನು ಕೊನೆಗೆ ಮತ್ತೆ ಹೆಸರು ಮುಚ್ಚಿ ಸೇದುತ್ತಾರೆ. ಕಾಫಿಯ ರುಚಿ ನೋಡಿ ಅಂಕ ಹಾಕುವ ಕಪ್ಪಿಂಗ್ ಮೇಜಿನ ಮುಂದೆ ಚಮಚ ಹಿಡಿದು ನಿಂತವರಿಗೆ ಇದೆಲ್ಲ ಹೊಸದಲ್ಲ. ಆದರೆ ಗಮನಿಸಿ, ರುಚಿಗಿಂತ ಅನಿಸಿಕೆಗೆ ಹತ್ತು ಅಂಕ ಹೆಚ್ಚು. ಮೂರನೆಯ ಸ್ಥಾನಕ್ಕೂ ಒಂದನೆಯ ಸ್ಥಾನಕ್ಕೂ ಇರುವ ಅಂತರವೆಲ್ಲ ಆ ಮೂವತ್ತೈದರಲ್ಲಿ ಅಡಗಿದೆ. ಸೇದಿದವನಿಗೆ ಗಾಢವಾದದ್ದು ಇಷ್ಟವೋ ಹಗುರವಾದದ್ದು ಇಷ್ಟವೋ, ಬೆಳಗಿನ ತಿಂಡಿ ಏನಾಗಿತ್ತು, ಎಲ್ಲವೂ ಅಲ್ಲಿಗೇ ಹೋಗಿ ಸೇರುತ್ತದೆ.

ಹಾಗಾಗಿ ನಾನು ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುವುದಿಲ್ಲ, ವರ್ಷದಿಂದ ವರ್ಷಕ್ಕೆ ಓದುತ್ತೇನೆ. 2012ರ ಮೊದಲ ಸ್ಥಾನ ಫ್ಲೋರ್ ದೆ ಲಾಸ್ ಆಂಟಿಯಾಸ್, 2015ರದ್ದು ಮೈ ಫಾದರ್ ಲೆ ಬಿಜು 1922, 2024ರದ್ದು ದ ಜಡ್ಜ್. ಮೂರೂ ಒಂದೇ ಮನೆಯವು, ಕ್ಯೂಬಾದಿಂದ ಬಂದು ನಿಕರಾಗುವಾದ ಎಸ್ತೆಲಿಯಲ್ಲಿ ಬೇರೂರಿದ ಪೆಪೀನ್ ಗಾರ್ಸಿಯಾ ಕುಟುಂಬದವು. 2018 ಮತ್ತು 2020ರಲ್ಲಿ ಗೆದ್ದದ್ದು ಇ.ಪಿ. ಕರಿಯೊ. 2017 ಮತ್ತು 2023ರಲ್ಲಿ ಫ್ಯುಯೆಂಟೆ. 2021ರಲ್ಲಿ ಪದ್ರೋನ್ 1964. ಕ್ಯೂಬಾದ ಸಿಗಾರ್ 2013ರಲ್ಲಿ ಮೊಂತೆಕ್ರಿಸ್ಟೊ ನಂ. 2 ರೂಪದಲ್ಲಿ ಗೆದ್ದಮೇಲೆ ಮತ್ತೆ ಮೊದಲ ಸ್ಥಾನಕ್ಕೆ ಬಂದದ್ದು 2022ರಲ್ಲಿ, ಎಚ್. ಉಪ್‌ಮನ್ ನಂ. 2. ಒಂದು ವರ್ಷದ ಅದೃಷ್ಟ ಯಾರಿಗೂ ಬರಬಹುದು. ಹೆಸರು ಮುಚ್ಚಿ ಸೇದಿದಾಗಲೂ ಮತ್ತೆ ಮತ್ತೆ ಮೇಲೆ ಬರುವ ಮನೆ ಸುಮ್ಮನೆ ಬರುವುದಿಲ್ಲ. ನಾಲ್ಕು ಮನೆಗಳ ಹೆಸರು ಬರೆದುಕೊಂಡು, ಆಮೇಲೆ ಮಾವನವರಿಗೆ ಒಗ್ಗುವ ಅಳತೆ ಆರಿಸಿ. ಸ್ಥಾನದ ಅಂಕಿಯನ್ನು ಮರೆತುಬಿಡಿ.

ಅಳತೆ ಎಂದೆ. ದ ಜಡ್ಜ್ ಗ್ರ್ಯಾಂಡ್ ರೊಬಸ್ಟೊ ಐದು ಇಂಚು ಉದ್ದ, 60 ರಿಂಗ್ ಗೇಜ್. ಸಿಗಾರಿನ ದಪ್ಪವನ್ನು ಇಂಚಿನ ಅರವತ್ತನಾಲ್ಕನೇ ಭಾಗಗಳಲ್ಲಿ ಲೆಕ್ಕ ಹಾಕುತ್ತಾರೆ. 60 ಎಂದರೆ ಹತ್ತಿರ ಹತ್ತಿರ 24 ಮಿಲಿಮೀಟರ್. ಎಪ್ಪತ್ತರ ಹಿರಿಯರ ಬಾಯಿಗೆ, ಅದರಲ್ಲೂ ಹಲ್ಲಿನ ಸೆಟ್ ಇದ್ದರೆ, ಅದನ್ನು ಕಚ್ಚಿ ಹಿಡಿಯುವುದೇ ಒಂದು ಸಾಹಸ. ಸಿಗಾರ್ ಮಾತ್ರ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಸ್ನೇಹಿತರೊಬ್ಬರು ಹ್ಯೂಸ್ಟನ್ನಿನಿಂದ ತಂದದ್ದನ್ನು ಈ ವರ್ಷ ಮಾರ್ಚಿನಲ್ಲಿ, ಹೂಮಳೆ ಬಂದು ತೋಟವೆಲ್ಲ ಬೆಳ್ಳಗಾಗಿದ್ದಾಗ, ಜಗಲಿಯಲ್ಲಿ ಕುಳಿತು ಸೇದಿದೆ. ಹೊರಗಿನ ಎಲೆ ಎಕ್ವಡಾರಿನದು, ಗಾಢ ಕಂದು. ಬೆರಳಿಗೆ ಎಣ್ಣೆ ಹತ್ತಿದಂತೆ ಅನಿಸುತ್ತದೆ. ಮೊದಲ ಕೆಲವು ಎಳೆತ ಬರೀ ಕಾಳುಮೆಣಸು, ಮೂಗಿನ ಹಿಂಬದಿಯವರೆಗೆ. ಒಂದು ಇಂಚು ಸುಟ್ಟಮೇಲೆ ಮೆಣಸು ಹಿಂದೆ ಸರಿದು, ಕಾಫಿ ಹುರಿಯುವಾಗ ಎರಡನೇ ಸಲ ಚಿಟಚಿಟ ಎನ್ನುವುದಕ್ಕೆ ಸ್ವಲ್ಪ ಮೊದಲು ಬರುತ್ತದಲ್ಲ, ಆ ವಾಸನೆ ಬಂತು. ಅಲ್ಲಿಂದ ನಡುಭಾಗದವರೆಗೂ ಅದೇ ನಿಂತಿತು. ಆ ಸಿಗಾರಿನ ಬೆಲೆಯೆಲ್ಲ ಆ ನಡುವಿನ ಎರಡು ಇಂಚಿಗೆ. ಬೂದಿ ಗಟ್ಟಿ, ತಾನಾಗಿ ಉದುರಲಿಲ್ಲ. ಕೊನೆಯ ಭಾಗದಲ್ಲಿ ಖಾರ ಮರಳಿ ಬಂದು ನಾಲಿಗೆಯನ್ನು ಒಣಗಿಸಿತು. ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಊಟ ಮಾಡಿಯೇ ಕುಳಿತಿದ್ದೆ, ಆದರೂ ಎದ್ದಾಗ ತಲೆ ಸ್ವಲ್ಪ ತಿರುಗಿತು. ವರ್ಷಕ್ಕೊಂದು ಸೇದುವವರಿಗೆ ಇದನ್ನು ಕೊಟ್ಟರೆ ಅರ್ಧಕ್ಕೇ ಬಿಟ್ಟು ಮಜ್ಜಿಗೆ ಕೇಳುತ್ತಾರೆ.

ನನ್ನ ಆಯ್ಕೆಯಲ್ಲಿ ಮೊದಲು ನಿಲ್ಲುವುದು ಪದ್ರೋನ್ 1964 ಆನಿವರ್ಸರಿ, ಪ್ರಿನ್ಸಿಪೆ ಎಂಬ ಅಳತೆ: ನಾಲ್ಕೂವರೆ ಇಂಚು, 46 ಗೇಜ್. ಹೊಸೆ ಒರ್ಲಾಂಡೊ ಪದ್ರೋನ್ ಮಯಾಮಿಯಲ್ಲಿ 1964ರಲ್ಲಿ ಕಂಪನಿ ಕಟ್ಟಿದರು, ಮೂವತ್ತು ವರ್ಷ ತುಂಬಿದಾಗ ಈ ಸರಣಿ ತಂದರು. ಎಲೆ ಪೂರ್ತಿ ನಿಕರಾಗುವಾದ್ದು, ನಾಲ್ಕು ವರ್ಷ ಹಳೆಯದಾಗಿಸಿದ್ದು. ಪಕ್ಕಗಳನ್ನು ಒತ್ತಿ ಚೌಕ ಮಾಡಿರುತ್ತಾರೆ, ಆದ್ದರಿಂದ ಬೂದಿಬಟ್ಟಲಿನ ಅಂಚಿನಿಂದ ಉರುಳಿ ಹೋಗುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರ್ ಹಾಕಿದ ಎರಡನೇ ಕಾಗದದ ಪಟ್ಟಿ ಇರುತ್ತದೆ, ನಕಲಿಯ ಭಯ ಅಷ್ಟು ಕಡಿಮೆ. ಕಪ್ಪು ಎಲೆಯ ಮದೂರೊ ಬೇಡ, ನ್ಯಾಚುರಲ್ ಎಂದು ಕೇಳಿ ತೆಗೆದುಕೊಳ್ಳಲಿ. ಇದರಲ್ಲಿ ಒರಟು ಎನ್ನುವುದೇ ಇಲ್ಲ. ಮೊದಲ ಎಳೆತದಿಂದ ಕೊನೆಯವರೆಗೂ ಒಂದೇ ಹದ. ಹದ ಬದಲಾಗಬೇಕು, ಪ್ರತಿ ಇಂಚಿಗೂ ಬೇರೆ ರುಚಿ ಬರಬೇಕು ಎನ್ನುವವರಿಗೆ ಇದು ಸಪ್ಪೆ ಅನಿಸಬಹುದು. ಅವರು ಸಾಲಾಗಿ ಹತ್ತು ಸಿಗಾರ್ ಸೇದಿ ಅಂಕ ಹಾಕುವವರು, ನಮ್ಮ ಹಾಗೆ ಹಬ್ಬಕ್ಕೊಂದು ಸೇದುವವರಲ್ಲ.

ಅದರ ಬೆನ್ನಿಗೇ ಆರ್ಟುರೊ ಫ್ಯುಯೆಂಟೆಯ ಶಾರ್ಟ್ ಸ್ಟೋರಿ. ನಾಲ್ಕೇ ಇಂಚು, ಎರಡೂ ತುದಿ ಚೂಪು, ಹೊರಗೆ ಕ್ಯಾಮರೂನಿನ ಎಲೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಅತ್ತೆಯವರು ಪೂಜೆ ಮುಗಿಸಿ ಹೊರಗೆ ಬರುವುದರೊಳಗೆ. ಹಗುರ, ಸ್ವಲ್ಪ ಸಿಹಿ ಅಂಚು. ಬೆಲೆಯೂ ಬೆಚ್ಚಿಬೀಳಿಸುವಂಥದ್ದಲ್ಲ. ಅದೇ ಮನೆಯ ಓಪಸ್‌ಎಕ್ಸ್ ಬೇಡ. ಡೊಮಿನಿಕನ್ ನೆಲದಲ್ಲಿ ಹೊರಗೆ ಸುತ್ತುವ ದರ್ಜೆಯ ಎಲೆ ಬೆಳೆಯುವುದೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದಾಗ ಫ್ಯುಯೆಂಟೆಯವರು ಬೆಳೆದು ತೋರಿಸಿದರು, ಆ ಹಟಕ್ಕೆ ನನ್ನ ನಮಸ್ಕಾರ. ಆದರೆ 2023ರಲ್ಲಿ ಮೊದಲ ಸ್ಥಾನ ಬಂದಮೇಲೆ ಅದನ್ನು ಸೇದುವವರಿಗಿಂತ ಕೂಡಿಡುವವರೇ ಹೆಚ್ಚು, ಬೆಲೆಯಲ್ಲಿ ಅರ್ಧ ಪಟ್ಟಿಗೆ ಕೊಟ್ಟಂತೆ.

ಒಲಿವಾ ಸೀರಿ ವಿ ಮೆಲಾನಿಯೊ ಫಿಗುರಾಡೊ 2014ರಲ್ಲಿ ಗೆದ್ದದ್ದು. ಇವತ್ತಿಗೂ ಕೈಗೆ ಸಿಗುವ ಬೆಲೆಯಲ್ಲಿದೆ. ಇಷ್ಟು ಹಳೆಯ ಗೆಲುವನ್ನು ಯಾರೂ ಬೆನ್ನಟ್ಟುವುದಿಲ್ಲ, ಅದೇ ನಮಗೆ ಲಾಭ.

ಇನ್ನು ಕ್ಯೂಬಾ. 1962ರ ವ್ಯಾಪಾರ ನಿರ್ಬಂಧದಿಂದಾಗಿ ಡಲ್ಲಾಸಿನ ಅಂಗಡಿಯಲ್ಲಿ ಅದು ಸಿಗುವುದಿಲ್ಲ, ದುಬೈನಲ್ಲಿ ಸಿಗುತ್ತದೆ. ಉಳಿದದ್ದನ್ನು ಭಾವ ವಾಪಸು ಅಮೆರಿಕಕ್ಕೆ ಒಯ್ಯುವಂತಿಲ್ಲ ಎಂಬುದು ನೆನಪಿರಲಿ. 2020ರಿಂದ ಪ್ರಯಾಣಿಕರಿಗೂ ಆ ಸೌಲಭ್ಯ ಇಲ್ಲ. ತರುವುದಾದರೆ ಓಯೊ ದೆ ಮೊಂತೆರೇ ಎಪಿಕ್ಯೂರ್ ನಂ. 2. ಮೃದು. ಮಾವನವರ ಕಾಲದವರ ನಾಲಿಗೆಗೆ ಗೊತ್ತಿರುವ ರುಚಿ ಇದೇ ಇರಬೇಕು. ಕೊಹಿಬಾ ಬೇಡ, 2022ರಲ್ಲಿ ಅದರ ಬೆಲೆಯನ್ನು ಜಗತ್ತಿನಾದ್ಯಂತ ಏರಿಸಿದಮೇಲೆ ಅದು ನಮ್ಮಂಥವರ ಲೆಕ್ಕಕ್ಕೆ ಸಿಗುವುದಿಲ್ಲ.

ಕಸ್ಟಮ್ಸ್‌ನಲ್ಲಿ ಒಬ್ಬರಿಗೆ ಸುಂಕವಿಲ್ಲದೆ 25 ಸಿಗಾರ್ ಬಿಡುತ್ತಾರೆ. ಅದು ಸಿಗರೇಟಿಗೆ ಬದಲಾಗಿ, ಸಿಗರೇಟಿನ ಜೊತೆಗಲ್ಲ.

ಹರಾಜುಕಟ್ಟೆ, ಅರಕಲಗೂಡು

ಕಾವೇರಿದಂಡೆ, ನಮ್ಮ ಕಡೆಯವನೇ ಆದ್ದರಿಂದ ತಮ್ಮ ಎಂದು ಕರೆಯುತ್ತೇನೆ. ನಿಮ್ಮ ತಂದೆಯವರ ಪ್ರಶ್ನೆಗೆ ಸಿಗಾರ್ ಸೇದುವವರಿಗಿಂತ ಸೊಪ್ಪು ಬೇಯಿಸುವವರು ಉತ್ತರ ಹೇಳುವುದು ಸರಿ. ನಮ್ಮ ಮನೆಯಲ್ಲೂ ಬ್ಯಾರನ್, ಅಂದರೆ ಸೊಪ್ಪು ಬೇಯಿಸುವ ಕೊಟ್ಟಿಗೆ, ಇದೆ.

ನಾವು ಬೆಳೆಯುವುದು ವರ್ಜೀನಿಯಾ. ಗಿಡದ ಬುಡದಿಂದ ಎರಡು ಮೂರು ಎಲೆಯಂತೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ತುಂಬಿಸಿ, ಒಲೆಗೆ ಬೆಂಕಿ ಕೊಡುತ್ತೇವೆ. ಕೊಳವೆಯಲ್ಲಿ ಬಿಸಿ ಹರಿಯುತ್ತದೆ, ಹೊಗೆ ಎಲೆಗೆ ತಾಗುವುದಿಲ್ಲ. ಮೊದಲು ಸಣ್ಣ ಬಿಸಿಯಲ್ಲಿ ಎಲೆ ಹಳದಿಗೆ ತಿರುಗಬೇಕು. ತಿರುಗಿದ ಕೂಡಲೇ ಬಿಸಿ ಏರಿಸಿ ಆ ಬಣ್ಣವನ್ನು ಅಲ್ಲಿಗೇ ನಿಲ್ಲಿಸಬೇಕು, ಕೊನೆಗೆ 70 ಡಿಗ್ರಿಯವರೆಗೆ ಕೊಟ್ಟು ನಡುದಂಟು ಒಣಗಿಸಬೇಕು. ಐದಾರು ದಿನದ ಕೆಲಸ, ರಾತ್ರಿಯೂ ಒಬ್ಬರು ಎದ್ದಿರಬೇಕು. ಥರ್ಮಾಮೀಟರ್ ನೋಡುತ್ತಾ ಕಣ್ಣು ಮುಚ್ಚಿದರೆ ಒಂದು ಬ್ಯಾರನ್ ಸೊಪ್ಪು ಕಪ್ಪಾಗುತ್ತದೆ. ಇಷ್ಟು ಬೇಗ ಒಣಗಿಸುವುದರಿಂದ ಎಲೆಯೊಳಗಿನ ಸಕ್ಕರೆ ಹಾಗೇ ಉಳಿಯುತ್ತದೆ. ಹರಾಜಿನಲ್ಲಿ ಬೇಲ್ ಬಿಚ್ಚಿದಾಗ ನಿಂಬೆ ಹಳದಿ ಕಂಡರೆ ಬಿಡ್ಡುದಾರರ ಕೈ ಮೇಲೇಳುವುದು ಅದಕ್ಕೇ. ಅದು ಸಿಗರೇಟಿನ ಎಲೆ.

ಸಿಗಾರಿನ ಎಲೆಗೆ ಬೆಂಕಿ ಇಲ್ಲ. ಗಾಳಿಯಾಡುವ ಕೊಟ್ಟಿಗೆಯಲ್ಲಿ ನೇತುಹಾಕಿ ಒಂದೂವರೆ ಎರಡು ತಿಂಗಳು ಬಿಡುತ್ತಾರೆ. ಎಲೆ ನಿಧಾನವಾಗಿ ತನ್ನ ಸಕ್ಕರೆಯನ್ನು ತಾನೇ ಉಂಡು ಮುಗಿಸಿ ಕಂದು ಆಗುತ್ತದೆ. ಆಮೇಲೆ ಆಳೆತ್ತರದ ರಾಶಿ ಹಾಕುತ್ತಾರೆ. ಒಳಗೆ ತಾನಾಗಿ ಬಿಸಿ ಹುಟ್ಟುತ್ತದೆ, ಅಮೋನಿಯಾ ಹೊರಗೆ ಹೋಗುತ್ತದೆ. ರಾಶಿ ಕೆಡವಿ, ಒಳಗಿನದನ್ನು ಹೊರಗೆ ಮಾಡಿ, ಮತ್ತೆ ಕಟ್ಟುತ್ತಾರೆ. ತಿಂಗಳುಗಟ್ಟಲೆ ಅದೇ ಕೆಲಸ. ನಮ್ಮ ಹಳದಿ ಎಲೆಯನ್ನು ಹಾಗೇ ಸುತ್ತಿ ಸೇದಿದರೆ ನಾಲಿಗೆ ಸುಡುತ್ತದೆ. ನಮ್ಮೂರ ಹುಡುಗರು ಮಾಡಿ ನೋಡಿದ್ದಾರೆ, ಯಾರೂ ಎರಡನೇ ಸಲ ಕೇಳಲಿಲ್ಲ.

ಇಂಡಿಯಾದಲ್ಲಿ ಆ ಜಾತಿಯ ಎಲೆ ಇಲ್ಲವೇ ಇಲ್ಲ ಎಂದಲ್ಲ. ತಮಿಳುನಾಡಿನ ದಿಂಡಿಗಲ್, ವೇಡಸಂದೂರು ಕಡೆ ಒಳಗೆ ತುಂಬುವ ಎಲೆ ಬೆಳೆಯುತ್ತಾರೆ. ತಂಬಾಕು ಸಂಶೋಧನೆಯವರ ಕೇಂದ್ರ ವೇಡಸಂದೂರಿನಲ್ಲೇ ಇದೆ. ತಿರುಚಿರಾಪಳ್ಳಿಯ ಚುಟ್ಟಾ ಬ್ರಿಟಿಷರ ಕಾಲದಲ್ಲಿ ಹಡಗು ಹತ್ತಿ ಹೋಗುತ್ತಿತ್ತು. ಹೊರಗೆ ಸುತ್ತುವ ಎಲೆಗೆ ಬಂಗಾಳದ ಕೂಚ್ ಬಿಹಾರ್, ದಿನ್ಹಾಟ ಕಡೆ ಹೆಸರಿದೆ. ನಮ್ಮಲ್ಲಿ ತಂಬಾಕು ಮಂಡಳಿ ನೋಂದಣಿ ಕೊಡುವುದು ವರ್ಜೀನಿಯಾಕ್ಕೆ, ಹರಾಜುಕಟ್ಟೆ ಇರುವುದೂ ಅದಕ್ಕೆ. ಬೇರೆ ಜಾತಿ ಬೆಳೆದರೆ ಕೊಳ್ಳುವವರು ಯಾರು? ಬೆಳೆಯುವುದು ಕಷ್ಟದ ಮಾತಲ್ಲ, ಮಾರುವುದು ಕಷ್ಟ.

ಆಲ್ದೂರಿನವರಿಗೆ ಒಂದು ಮಾತು. ನಿಮ್ಮ ಕಡೆಯ ಕಾಫಿ ಹೊಟ್ಟನ್ನು ನಾವು ಬ್ಯಾರನ್ ಒಲೆಗೆ ಹಾಕುತ್ತೇವೆ, ಸೌದೆಯ ಖರ್ಚು ಇಳಿಯುತ್ತದೆ. ಈ ವರ್ಷ ಹೊಟ್ಟಿನ ಬೆಲೆಯನ್ನೂ ಏರಿಸಿಬಿಟ್ಟಿರಲ್ಲ ಸ್ವಾಮಿ.

ತೋಟದಮನೆ, ಆಲ್ದೂರು

ಹೊಟ್ಟಿನ ಬೆಲೆ ಏರಿಸಿದವರು ಕಾಫಿ ಕ್ಯೂರಿಂಗ್ ಕಾರ್ಖಾನೆಯವರು, ನಮ್ಮ ಕೈಗೆ ಬಂದದ್ದು ಏನೂ ಇಲ್ಲ. ಅದಿರಲಿ, ನೀವು ಎಲೆಯ ಬಗ್ಗೆ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಹೊರಗೆ ಸುತ್ತುವ ಎಲೆ ತೆಳ್ಳಗೆ, ನರ ಎದ್ದುಕಾಣದಂತೆ ಇರಬೇಕು. ಬಿಸಿಲು ಜೋರಾದರೆ ಎಲೆ ದಪ್ಪವಾಗುತ್ತದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇಡೀ ಹೊಲಕ್ಕೆ ಬಟ್ಟೆಯ ಚಪ್ಪರ ಹಾಕಿ ಬೆಳೆಯುತ್ತಾರೆ. ಎಕ್ವಡಾರಿನಲ್ಲಿ ಚಪ್ಪರವೂ ಬೇಡ, ಬೆಟ್ಟದ ತಪ್ಪಲಿನಲ್ಲಿ ದಿನವಿಡೀ ಮೋಡ. ದ ಜಡ್ಜ್‌ನ ಹೊರಗಿನ ಎಲೆ ಅಲ್ಲಿಯದು, ಮೆಲಾನಿಯೊದ್ದೂ ಅಲ್ಲಿಯದೇ. ಹಾಲುವಾಣದ ನೆರಳಿನಲ್ಲಿ ಕಾಫಿ ಬೆಳೆಯುವವರಿಗೆ ಇದರಲ್ಲಿ ವಿವರಿಸುವುದೇನೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಳಸ, ಕುದುರೆಮುಖದ ಮೋಡವನ್ನು ಕಂಡಾಗಲೆಲ್ಲ ನನಗೆ ಈ ಯೋಚನೆ ಬರುತ್ತದೆ. ಆಮೇಲೆ ಕೊಳೆರೋಗ ನೆನಪಾಗಿ ಸುಮ್ಮನಾಗುತ್ತೇನೆ.

ಕಿವಿಮೂಗುಗಂಟಲು, ಹಾಸನ

ಸಂಭ್ರಮಕ್ಕೆ ತಣ್ಣೀರೆರಚುವುದು ನನ್ನ ಉದ್ದೇಶವಲ್ಲ, ಆದರೆ ಜನರ ಬಾಯಿ ತೆರೆಸಿ ಟಾರ್ಚ್ ಹಿಡಿಯುವುದು ನನ್ನ ವೃತ್ತಿ. "ಒಳಗೆ ಎಳೆಯುವುದಿಲ್ಲವಲ್ಲ ಡಾಕ್ಟ್ರೇ" ಎಂದು ಎಲ್ಲರೂ ಹೇಳುತ್ತಾರೆ. ಮೇಲೆ ಅರಕಲಗೂಡಿನವರು ಹೇಳಿದ ಹದ ಮಾಡುವ ಕ್ರಮದಲ್ಲೇ ಉತ್ತರವಿದೆ. ಸಿಗಾರಿನ ಹೊಗೆಗೆ ಕ್ಷಾರಗುಣ ಇರುವುದರಿಂದ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಸಿಗರೇಟಿನ ಹೊಗೆಗೆ ಆಮ್ಲಗುಣ, ಅದಕ್ಕೆ ಶ್ವಾಸಕೋಶ ಬೇಕು. ಒಂದು ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕಾರಣ ಎಂಬುದರಲ್ಲಿ ವಿವಾದವಿಲ್ಲ. ನಿತ್ಯ ಸೇದುವವರಿಗೂ ವರ್ಷಕ್ಕೆ ಒಂದು ಸೇದುವವರಿಗೂ ವ್ಯತ್ಯಾಸ ಇದೆ, ಅದನ್ನು ಒಪ್ಪುತ್ತೇನೆ. ಸುರಕ್ಷಿತ ಎಂದು ಮಾತ್ರ ಬರೆದುಕೊಡಲಾರೆ.

ಮಾವನವರಿಗೆ ಸ್ಟೆಂಟ್ ಹಾಕಿದ್ದರೆ, ಅಥವಾ ನಾಲಿಗೆಯ ಬದಿಯಲ್ಲಿ, ಕೆನ್ನೆಯ ಒಳಗೆ ಬಿಳಿ ಮಚ್ಚೆಯೋ ವಾಸಿಯಾಗದ ಹುಣ್ಣೋ ಇದ್ದರೆ, ಒಂದೂ ಬೇಡ. ಹೇಗೂ ಹಾಸನಕ್ಕೆ ಬರುತ್ತೀರಿ, ಒಮ್ಮೆ ತೋರಿಸಿಕೊಂಡು ಹೋಗಿ.

ಕಾವೇರಿದಂಡೆ, ಹಾಸನ

ಎಲ್ಲರಿಗೂ ಧನ್ಯವಾದ. ಹರಾಜುಕಟ್ಟೆ ಅಣ್ಣ, ನೀವು ಬರೆದದ್ದನ್ನು ತಂದೆಯವರಿಗೆ ಪೂರ್ತಿ ಓದಿ ಹೇಳಿದೆ. "ಹಾಗಾದರೆ ಅವರ ಸೊಪ್ಪಿಗೆ ಸೌದೆ ಖರ್ಚೇ ಇಲ್ಲ" ಎಂದು ಅದೊಂದನ್ನೇ ಹಿಡಿದುಕೊಂಡರು. ಡಾಕ್ಟರೇ, ಸ್ಟೆಂಟ್ ಇಲ್ಲ, ಬಿ.ಪಿ. ಮಾತ್ರೆ ಇದೆ. ಕರೆದುಕೊಂಡು ಬರುತ್ತೇನೆ. ಸಿಗಾರಿನ ವಿಚಾರ ಅತ್ತೆಯವರ ಮುಂದೆ ಎತ್ತದಿದ್ದರೆ ಉಪಕಾರ.

ತೋಟದಮನೆಯವರೇ, ಪದ್ರೋನ್ ಪ್ರಿನ್ಸಿಪೆ ಎಂದು ಭಾವನಿಗೆ ತಿಳಿಸಿದ್ದೇನೆ. ಪೂರ್ತಿ ಪೆಟ್ಟಿಗೆ ತರಲೇ ಎಂದು ಕೇಳುತ್ತಿದ್ದಾರೆ. ಮಾವನವರ ಮನೆಯಲ್ಲಿ ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಲ್ಲಿ ಇಡುವುದು ಹೇಗೆ? ಹ್ಯೂಮಿಡಾರ್ ಎಂಬ ಮರದ ಪೆಟ್ಟಿಗೆ ಕೊಳ್ಳಬೇಕೇ? ಫ್ರಿಜ್ಜಿನಲ್ಲಿ ಇಟ್ಟರೆ?

ತೋಟದಮನೆ, ಆಲ್ದೂರು

ಪೂರ್ತಿ ಪೆಟ್ಟಿಗೆ ಬೇಡವೇ ಬೇಡ. ವರ್ಷಕ್ಕೆ ಎರಡು ಸೇದುವವರಿಗೆ 25 ಕೊಟ್ಟರೆ ಕೊನೆಯದನ್ನು ಸೇದುವುದು ಯಾವಾಗ? ಅಮೆರಿಕದ ಅಂಗಡಿಗಳಲ್ಲಿ ಬಿಡಿಯಾಗಿ ಕೊಡುತ್ತಾರೆ. ನಾಲ್ಕು ಪ್ರಿನ್ಸಿಪೆ, ಎರಡು ಶಾರ್ಟ್ ಸ್ಟೋರಿ ಸಾಕು. ಡಾಕ್ಟರ ಮಾತಿಗೂ ಗೌರವ ಉಳಿಯುತ್ತದೆ.

ಹ್ಯೂಮಿಡಾರ್ ಬೇಡ. ಆ ಮರದ ಪೆಟ್ಟಿಗೆಯೆಲ್ಲ ಒಣ ಊರಿನವರಿಗೆ, ತೇವ ಉಳಿಸಿಕೊಳ್ಳಲು. ಸಿಗಾರಿಗೆ ಬೇಕಾದದ್ದು 65ರಿಂದ 70 ಶೇಕಡಾ ತೇವಾಂಶ. ಮೂಡಿಗೆರೆಯ ಜುಲೈನಲ್ಲಿ ಗಾಳಿಯಲ್ಲೇ 90ರ ಮೇಲಿರುತ್ತದೆ, ಫೆಬ್ರುವರಿಯ ಮಧ್ಯಾಹ್ನ ಅದರ ಅರ್ಧಕ್ಕೆ ಇಳಿಯುತ್ತದೆ. ನಮಗೆ ತೇವವನ್ನು ಹೊರಗಿಡುವುದೂ ಒಂದು ಕೆಲಸ, ಒಳಗಿಡುವುದೂ ಒಂದು ಕೆಲಸ. ನನ್ನ ಪರಿಚಯದ ಒಬ್ಬರು ಒಳ್ಳೆಯ ಮೊಂತೆಕ್ರಿಸ್ಟೊಗಳನ್ನು ಹಜಾರದ ಶೋಕೇಸಿನಲ್ಲಿ, ಬೆಳ್ಳಿ ಲೋಟಗಳ ಪಕ್ಕದಲ್ಲಿ, ಬಂದವರಿಗೆ ಕಾಣಲಿ ಎಂದು ಜೋಡಿಸಿದ್ದರು. ಆಗಸ್ಟಿಗೆ ಒಂದೊಂದೂ ಊದಿಕೊಂಡು ಹೊರಗಿನ ಎಲೆ ಉದ್ದಕ್ಕೆ ಬಿರಿದಿತ್ತು. ಹಚ್ಚಿದರೆ ಒಳಗಿನ ಎಲೆ ಒತ್ತಾಗಿ ಎಳೆತವೇ ಇಲ್ಲ, ಕೆನ್ನೆ ನೋಯಬೇಕು ಅಷ್ಟೇ.

ಅತ್ತೆಯವರು ಹಪ್ಪಳ ಇಡುವ ಗಾಳಿಯಾಡದ ಡಬ್ಬಿ ಇರುತ್ತದಲ್ಲ, ಅಂಥದ್ದೇ ಹೊಸದೊಂದು ಕೊಳ್ಳಿ. ಹಳೆಯದು ಬೇಡ, ಇಂಗಿನ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ, ಸಿಗಾರ್ ಅದನ್ನು ಪೂರ್ತಿ ಹೀರಿಕೊಳ್ಳುತ್ತದೆ. ಬೊವೆಡಾ ಎಂಬ ಹೆಸರಿನ ಸಣ್ಣ ಪೊಟ್ಟಣ ಬರುತ್ತದೆ, ಮೇಲೆ 65 ಎಂದು ಅಂಕಿ ಇರುವುದನ್ನು ಭಾವ ಸಿಗಾರಿನ ಜೊತೆಗೇ ಕೊಂಡುಬರಲಿ. ತೇವ ಹೆಚ್ಚಾದರೆ ಅದು ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. ಪೊಟ್ಟಣ ಗಟ್ಟಿಯಾದರೆ ಬದಲಿಸಬೇಕು. ಡಬ್ಬಿಯನ್ನು ಮನೆಯ ತಂಪಾದ ಕೋಣೆಯಲ್ಲಿ, ನೆಲಕ್ಕೆ ಹತ್ತಿರ ಇಡಿ. ಫ್ರಿಜ್ಜು ಒಣಗಿಸುತ್ತದೆ, ಜೊತೆಗೆ ಮೊನ್ನೆಯ ಸಾರಿನ ವಾಸನೆಯನ್ನೂ ಕೊಡುತ್ತದೆ.

ಹುಳುವಿನ ಬಗ್ಗೆ ಎಚ್ಚರ. ಕೊತ್ತಂಬರಿ ಬೀಜದಲ್ಲಿ, ಅರಿಸಿನದಲ್ಲಿ ಸಣ್ಣ ಕಂದು ಹುಳು ಬರುತ್ತದಲ್ಲ, ಸಿಗಾರಿನಲ್ಲಿ ಬರುವುದೂ ಅದೇ ಜಾತಿ. ಮೊಟ್ಟೆ ಎಲೆಯಲ್ಲೇ ಬಂದಿರಬಹುದು. ಸೆಕೆ 24 ಡಿಗ್ರಿ ದಾಟಿದರೆ ಒಡೆಯುತ್ತದೆ. ಸೂಜಿಯಲ್ಲಿ ಚುಚ್ಚಿದಂಥ ತೂತು, ಪಕ್ಕದಲ್ಲಿ ಚೂರು ಪುಡಿ ಕಂಡರೆ ಆ ಒಂದನ್ನು ಎಸೆದು, ಉಳಿದವನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಡಿ. ತೆಗೆಯುವಾಗ ನೇರವಾಗಿ ಹೊರಗೆ ತರಬೇಡಿ; ಒಂದು ದಿನ ಕೆಳಗಿನ ಫ್ರಿಜ್ಜಿನಲ್ಲಿ, ಆಮೇಲೆ ಹೊರಗೆ. ಇಲ್ಲದಿದ್ದರೆ ಹೊರಗಿನ ಎಲೆ ಸೀಳುತ್ತದೆ. ಫ್ರಿಜ್ಜು ಬೇಡ ಎಂದದ್ದಕ್ಕೆ ಇದೊಂದೇ ವಿನಾಯಿತಿ.

ಬಂದ ದಿನವೇ ಹಚ್ಚಲು ಬಿಡಬೇಡಿ. ವಿಮಾನದ ಒಣ ಗಾಳಿಯಲ್ಲಿ ಬಂದದ್ದು ವಾರವಾದರೂ ಡಬ್ಬಿಯಲ್ಲಿ ಕುಳಿತು ಸುಧಾರಿಸಿಕೊಳ್ಳಬೇಕು. ಶಾಂತಿ ಯಾವತ್ತೆಂದು ಬರೆದಿಲ್ಲ, ಹಾಸನಾಂಬೆಯ ದರ್ಶನಕ್ಕೆ ಮೊದಲೇ ಯಾರ ಕೈಯಲ್ಲಾದರೂ ಡಬ್ಬಿಯನ್ನು ಮೂಡಿಗೆರೆಗೆ ಕಳಿಸಿದರೆ ಸಮಯ ಸಿಗುತ್ತದೆ. ಕತ್ತರಿಸಲು ಅಡಕೆಕತ್ತರಿ ಬಳಸುವವರನ್ನು ನೋಡಿದ್ದೇನೆ, ಅದು ತುದಿಯನ್ನು ಜಜ್ಜುತ್ತದೆ. ಎರಡು ಅಲಗಿನ ಕಟ್ಟರ್ ಅಗ್ಗದ್ದೇ ಸಾಕು. ತುದಿಯ ಟೋಪಿಯಷ್ಟನ್ನು ಮಾತ್ರ ತೆಗೆಯಬೇಕು, ಅದರ ಕೆಳಗೆ ಹೋದರೆ ಹೊರಗಿನ ಎಲೆ ಬಿಚ್ಚಿಕೊಳ್ಳುತ್ತದೆ. ಹಚ್ಚಲು ಸೀಮೆಎಣ್ಣೆ ದೀಪವೂ ಬೇಡ, ದೇವರ ಮನೆಯ ಮೇಣದಬತ್ತಿಯೂ ಬೇಡ, ಉದ್ದನೆಯ ಬೆಂಕಿಕಡ್ಡಿ ಇರಲಿ. ಗಂಧಕದ ವಾಸನೆ ಸುಟ್ಟುಹೋದಮೇಲೆ ತುದಿಗೆ ಹಿಡಿಯಲಿ. ನಿಮಿಷಕ್ಕೆ ಒಂದು ಎಳೆತ, ಅದಕ್ಕಿಂತ ಬೇಗ ಎಳೆದರೆ ಬಿಸಿಯಾಗಿ ಕಹಿಯಾಗುತ್ತದೆ. ಹೊಟ್ಟೆ ತುಂಬಿರಲಿ, ಪಕ್ಕದಲ್ಲಿ ಬೆಲ್ಲದ ಕಾಫಿ ಇದ್ದರೆ ಇನ್ನೂ ಒಳ್ಳೆಯದು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಅರ್ಧಕ್ಕೇ ಬಿಟ್ಟರೆ ನಷ್ಟವೇನಿಲ್ಲ, ಉಳಿದರ್ಧವನ್ನು ನಾಳೆಗೆ ಎತ್ತಿಡುವುದು ಮಾತ್ರ ಬೇಡ.

ಡಿಸೆಂಬರ್‌ನಲ್ಲಿ ಹೊಸ ಪಟ್ಟಿ ಬಂದಾಗ ಭಾವ ಮತ್ತೆ ಕಳಿಸುತ್ತಾರೆ, ಖಂಡಿತ. ಆಗ ಇಲ್ಲಿ ಹಾಕಿ, ಮನೆಗಳ ಹೆಸರು ನೋಡೋಣ.